ಭಾಷಣ ಮುಗಿದ ಮೇಲೆ ಮಾತಾಡುವ ಬಿಂಬ

ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ವನ್ನು ಕನ್ನಡ–ಇಂಗ್ಲಿಷ್ ಜಗಳದ ನಾಟಕವೆಂದು ಓದುವುದು ರೂಢಿ. ಕನ್ನಡದಲ್ಲಿ ಕತೆಗಳನ್ನು ಬರೆದು ಹೇಳಿಕೊಳ್ಳುವಂಥ ಹೆಸರು ಗಳಿಸದ ಮಂಜುಳಾ ನಾಯಕ್ ಒಂದೇ ಒಂದು ಇಂಗ್ಲಿಷ್ ಕಾದಂಬರಿಯಿಂದ ಜಗತ್ಪ್ರಸಿದ್ಧಳಾಗುತ್ತಾಳೆ. ಆ ಕೀರ್ತಿಯ ಬುಡದಲ್ಲಿ ಒಂದು ಕಳ್ಳತನವಿದೆ. ಈ ಓದು ತಪ್ಪೇನಲ್ಲ. ಆದರೆ ಈಚೆಗೆ ಮತ್ತೆ ಓದಿದಾಗ ಇದು ನನಗೆ ಭಾಷಣದ ಕುರಿತ ನಾಟಕವಾಗಿ ಕಂಡಿತು. ಇನ್ನೂ ಬಿಡಿಸಿ ಹೇಳಬೇಕೆಂದರೆ, ಭಾಷಣ ಮುಗಿಸಿದವಳೊಬ್ಬಳು ತೆರೆಯ ಮೇಲಿನ ತನ್ನನ್ನೇ ಎದುರಿಸಬೇಕಾಗಿ ಬಂದ ನಾಟಕವಾಗಿ.

ಹೀಗೆ ಕಾಣಲು ಕಾರಣವಿದೆ. ಕಾಲೇಜುಗಳ ಭಾಷಣ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗುತ್ತಿರುತ್ತೇನೆ. ಮಾತು ಸುಧಾರಿಸಲು ಏನು ಮಾಡಬೇಕು ಎಂದು ಕೇಳುವ ವಿದ್ಯಾರ್ಥಿಗಳಿಗೆ ಈಗ ಸಿಗುವ ಮೊದಲ ಸಲಹೆ, ‘ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ನೋಡಿ’ ಎಂಬುದು. ಒಳ್ಳೆಯ ಸಲಹೆಯೇ, ನಾನೂ ಕೊಡುತ್ತೇನೆ. ಆದರೆ ನೋಡುವಾಗ ಏನನ್ನು ನೋಡಬೇಕು ಎಂಬುದನ್ನು ಹೇಳುವವರು ಕಡಿಮೆ. ಹೇಳದಿದ್ದರೆ ಕಣ್ಣು ತಾನಾಗಿ ಹೋಗಿ ನಿಲ್ಲುವುದು ಕೂದಲಿನ ಮೇಲೆ, ಕೈಗಳ ಮೇಲೆ, ಅಂಗಿಯ ಗುಂಡಿಯ ಮೇಲೆ.

ಮೊದಲ ಸಲ ನೋಡುವಾಗ ಮುಜುಗರವಾಗುವುದು ಸಹಜ, ಅದಕ್ಕೆ ದೇಹದ ಕಾರಣವೇ ಇದೆ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಮೂಳೆಗಳ ಮೂಲಕವೂ ಒಳಕಿವಿಗೆ ಮುಟ್ಟುತ್ತದೆ. ಮೂಳೆಯ ದಾರಿಯಲ್ಲಿ ಬರುವ ದನಿಗೆ ತಗ್ಗಿನ ಸ್ವರಗಳ ತುಂಬು ಹೆಚ್ಚು. ರೆಕಾರ್ಡಿಂಗಿನಲ್ಲಿ ಆ ಪಾಲು ಇರುವುದಿಲ್ಲ. ಹಾಗಾಗಿ ನಮ್ಮ ದನಿ ನಮಗೇ ತೆಳುವಾಗಿ, ಯಾರದ್ದೋ ಎಂಬಂತೆ ಕೇಳುತ್ತದೆ. ಮುಖದ ಕತೆಯೂ ಇಂಥದ್ದೇ. ದಿನವೂ ನಾವು ಕನ್ನಡಿಯಲ್ಲಿ ಕಾಣುವುದು ಎಡಬಲ ಮಗುಚಿದ ಮುಖ, ಕ್ಯಾಮೆರಾ ತೋರಿಸುವುದು ಮಂದಿ ನೋಡುವ ಮುಖ. ಗ್ರೀಸಿನ ಮಹಾವಾಗ್ಮಿ ಡೆಮಾಸ್ತನೀಸ್ ದೊಡ್ಡ ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದನೆಂದು ಹಳೆಯ ರೋಮನ್ ಗ್ರಂಥಗಳು ಹೇಳುತ್ತವೆ. ಕನ್ನಡಿ ಮಾತಾಡುವ ಹೊತ್ತಿಗಷ್ಟೇ ಇರುತ್ತದೆ. ಮಾತು ನಿಂತರೆ ಅದೂ ಬರಿದು. ರೆಕಾರ್ಡಿಂಗ್ ಮಾತು ಮುಗಿದ ಮೇಲೂ ಉಳಿಯುತ್ತದೆ. ಕಾರ್ನಾಡರು ಹಿಡಿದದ್ದು ಈ ವ್ಯತ್ಯಾಸವನ್ನು.

2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಪ್ರದರ್ಶನ ಕಂಡ ಈ ನಾಟಕ ನಡೆಯುವುದು ಒಂದು ಟಿವಿ ಸ್ಟುಡಿಯೋದಲ್ಲಿ. ತನ್ನ ಕಾದಂಬರಿಯನ್ನು ಆಧರಿಸಿದ ಚಿತ್ರದ ಪ್ರಸಾರಕ್ಕೆ ಮುನ್ನ ಮಂಜುಳಾ ಕ್ಯಾಮೆರಾ ಮುಂದೆ ಕೂತು ಪುಟ್ಟ ಭಾಷಣ ಮಾಡುತ್ತಾಳೆ. ಇಂಗ್ಲಿಷಿನಲ್ಲಿ ಏಕೆ ಬರೆದೆ ಎಂಬ ಆಕ್ಷೇಪಕ್ಕೆ ಹದವಾದ ಉತ್ತರ ಕೊಡುತ್ತಾಳೆ, ಗಂಡನನ್ನು ನೆನೆಯುತ್ತಾಳೆ, ಅಂಗವೈಕಲ್ಯದಿಂದ ಗಾಲಿಕುರ್ಚಿ ಹಿಡಿದು ಬದುಕಿ ತೀರಿಕೊಂಡ ತಂಗಿ ಮಾಲಿನಿಯ ಬಗ್ಗೆ ಭಾವುಕಳಾಗುತ್ತಾಳೆ. ನಗುವ ಕಡೆ ನಗು, ಗಂಟಲು ಕಟ್ಟುವ ಕಡೆ ಮೌನ. ಯಾವ ಸ್ಪರ್ಧೆಯಲ್ಲಾದರೂ ಮೊದಲ ಬಹುಮಾನ ಹೊಡೆಯುವ ಭಾಷಣ. ಮುಗಿಸಿ ಹೊರಡುವಷ್ಟರಲ್ಲಿ ತೆರೆಯ ಮೇಲಿನ ಅವಳ ಬಿಂಬ ಮಾತ್ರ ಎದ್ದು ಹೋಗುವುದಿಲ್ಲ. ಅಲ್ಲೇ ಕೂತು ಅವಳನ್ನು ಮಾತಿಗೆಳೆಯುತ್ತದೆ.

ಆ ಬಿಂಬ ಕೇಳುವ ಪ್ರಶ್ನೆಗಳನ್ನು ಗಮನಿಸಿ. ಕೈ ಯಾಕೆ ಹಾಗಾಡಿಸಿದೆ, ಕಣ್ಣು ಯಾಕೆ ತಪ್ಪಿಸಿದೆ ಎಂದು ಅದು ಕೇಳುವುದಿಲ್ಲ. ತಂಗಿಯ ಬಗ್ಗೆ ಆಡಿದ ಮಾತು ನಿಜವೇ, ಗಂಡನ ಬಗ್ಗೆ ಹೇಳಿದ್ದು ಹೌದೇ, ಆ ಕಾದಂಬರಿ ನಿನ್ನದೇ ಎಂಬ ದಿಕ್ಕಿನಲ್ಲಿ ಸಾಗುತ್ತದೆ ಅದರ ವಿಚಾರಣೆ. ಭಾಷಣದ ಅಂದದಲ್ಲಿ ಎಲ್ಲೂ ಕೊರತೆಯಿರಲಿಲ್ಲ. ಬಿರುಕು ಇದ್ದದ್ದು ಅಂದದ ಕೆಳಗೆ. ಮಾತಿನ ಶೈಲಿ ತಿದ್ದಿಕೊಂಡಷ್ಟೂ ಸುಳ್ಳು ಹೆಚ್ಚು ನುಣುಪಾಗಬಹುದು ಎಂಬ ಎಚ್ಚರ ಈ ನಾಟಕದಲ್ಲಿದೆ. ಭಾಷಣ ಕಲಿಯುವ ಹುಡುಗ ಹುಡುಗಿಯರಿಗೆ ಇದನ್ನು ಪಠ್ಯವಾಗಿ ಇಡಬೇಕು ಎನ್ನಿಸುವುದು ಈ ಕಾರಣಕ್ಕೆ.

ರಂಗದ ಮೇಲೆ ಇದನ್ನು ತರುವ ಬಗೆಯಲ್ಲಿ ಇನ್ನೊಂದು ಪಾಠವಿದೆ. ಕನ್ನಡ ಪ್ರಯೋಗದಲ್ಲಿ ಮಂಜುಳಾ ಆಗಿದ್ದವರು ಅರುಂಧತಿ ನಾಗ್. ತೆರೆಯ ಮೇಲೆ ಕಾಣುತ್ತಿದ್ದದ್ದು ಮೊದಲೇ ಚಿತ್ರೀಕರಿಸಿಟ್ಟ ಅವರದೇ ಬಿಂಬ. ಅಂದರೆ ಆ ಬಿಂಬಕ್ಕೆ ಏನೂ ಕೇಳಿಸದು, ಅದು ಯಾರಿಗೂ ಕಾಯದು. ಅದರ ಪ್ರಶ್ನೆ, ಮೌನ, ನಗೆಗಳಿಗೆ ಸರಿಯಾಗಿ ಜೀವಂತ ನಟಿಯೇ ತನ್ನ ಉಸಿರನ್ನು ಹೊಂದಿಸಿಕೊಳ್ಳಬೇಕು. ಬಿಂಬ ಪ್ರಶ್ನೆ ಕೇಳುತ್ತಿದೆ ಎಂದು ನಮಗನ್ನಿಸುವುದು ಆಕೆ ಕೇಳಿಸಿಕೊಳ್ಳುತ್ತಿರುವುದರಿಂದ. ನಮ್ಮ ಮೊಬೈಲಿನ ವಿಡಿಯೋ ಕೂಡ ಅಷ್ಟೇ ಕಿವುಡು. ನಾವು ಕೇಳಿಸಿಕೊಂಡಷ್ಟೇ ಅದರ ಮಾತು.

ಸ್ಯಾಮ್ಯುಯೆಲ್ ಬೆಕೆಟ್‌ನ ‘ಕ್ರಾಪ್ಸ್ ಲಾಸ್ಟ್ ಟೇಪ್’ ಇಲ್ಲಿ ನೆನಪಾಗುತ್ತದೆ. 1958ರಲ್ಲಿ ಲಂಡನ್ನಿನಲ್ಲಿ ಮೊದಲು ರಂಗಕ್ಕೆ ಬಂದ ನಾಟಕ ಅದು. 69 ವರ್ಷದ ಮುದುಕನೊಬ್ಬ ತನ್ನ 39ನೆಯ ವಯಸ್ಸಿನ ದನಿಯನ್ನು ಟೇಪಿನಲ್ಲಿ ಕೇಳುತ್ತಾನೆ. ಅಂದು ಮಹಾದರ್ಶನವೆಂದು ಅಬ್ಬರಿಸಿದ್ದನ್ನು ಈಗ ಸಹಿಸಲಾರದೆ ಟೇಪು ಮುಂದೋಡಿಸುತ್ತಾನೆ; ದೋಣಿಯಲ್ಲಿ ಒಬ್ಬ ಹೆಣ್ಣಿನೊಡನೆ ಕಳೆದ ಗಳಿಗೆಗೆ ಮಾತ್ರ ಮತ್ತೆ ಮತ್ತೆ ಮರಳುತ್ತಾನೆ. ನಡುವೆ ತಾನೇ ಆಡಿದ್ದ ಒಂದು ಪದ ಅರ್ಥವಾಗದೆ ನಿಘಂಟು ತೆಗೆಯುತ್ತಾನೆ. ಆ ನಿಘಂಟಿನ ಪ್ರಸಂಗ ನನಗೆ ಬಹಳ ಇಷ್ಟ. ವೇದಿಕೆಯ ಮೇಲೆ ನಾವು ಬಳಸುವ ಎಷ್ಟು ಪದಗಳು ಮರುದಿನ ನಮಗೇ ಅರ್ಥವಾಗುತ್ತವೆ? ‘ಸಮಕಾಲೀನ ಸಂದರ್ಭದ ಸಂಕೀರ್ಣ ನೆಲೆ’ ಎಂದು ಗುಡುಗಿದ್ದನ್ನು ಮನೆಯಲ್ಲಿ ಕೂತು ಕೇಳಿ, ಏನು ಹೇಳಿದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಆದ್ದರಿಂದ ನಾನು ವಿದ್ಯಾರ್ಥಿಗಳಿಗೆ ಹೇಳುವುದು, ರೆಕಾರ್ಡಿಂಗನ್ನು ಕನ್ನಡಿಯಂತೆ ನೋಡಬೇಡಿ, ಕವಿತೆಯನ್ನೋ ಕತೆಯನ್ನೋ ಓದುವಂತೆ ಓದಿ ಎಂದು. ಅದೇ ದಿನ ಬೇಡ. ಎರಡು ದಿನ ಬಿಡಿ, ಮುಜುಗರ ಸ್ವಲ್ಪ ಆರಲಿ. ಮೊದಲು ಸದ್ದು ಅಡಗಿಸಿ ನೋಡಿ: ದೇಹ ಏನು ಹೇಳುತ್ತಿದೆ ಎಂದು ತಿಳಿಯುತ್ತದೆ. ಆಮೇಲೆ ಮೊಬೈಲು ಬೋರಲು ಹಾಕಿ ಬರೀ ಕೇಳಿ: ಎಲ್ಲಿ ಓಡುತ್ತೀರಿ, ಎಲ್ಲಿ ಉಸಿರು ಸಾಲದಾಯಿತು, ಎಷ್ಟು ಸಲ ‘ಅಂದರೆ’, ‘ಆಕ್ಚುಯಲಿ’ ಬಂತು ಎಂದು. ಮೂರನೆಯ ಸಲ ಪೆನ್ನು ಹಿಡಿದು, ಆಡಿದ್ದನ್ನು ಆಡಿದಂತೆಯೇ ಬರೆದಿಳಿಸಿ. ಐದು ನಿಮಿಷದ ಮಾತಾದರೂ ಸಾಕು. ಕಾಗದದ ಮೇಲೆ ದನಿಯ ಏರಿಳಿತದ ಆಸರೆ ಇರುವುದಿಲ್ಲ. ಎರವಲು ತಂದ ಮಾತು ಯಾವುದು, ಚಪ್ಪಾಳೆಗಾಗಿ ಆಡಿದ್ದು ಯಾವುದು, ನೀವೇ ನಂಬದ್ದು ಯಾವುದು ಎಂಬುದು ಅಲ್ಲಿ ಕಾಣತೊಡಗುತ್ತದೆ. ಬಿಂಬ ಮಾತಾಡಲು ಶುರುಮಾಡುವುದು ಆಗ.

ಇಲ್ಲೊಂದು ಅಪಾಯವನ್ನೂ ಹೇಳಬೇಕು. ಹಳೇ ಮೈಸೂರು ಸೀಮೆಯ ಹಳ್ಳಿಗಳಿಂದ ಬಂದ ಹುಡುಗರು ವಿಡಿಯೋ ನೋಡಿ ಮೊದಲು ನಾಚುವುದು ತಮ್ಮ ಹಕಾರ ಅಕಾರವಾದದ್ದಕ್ಕೆ. ಕಲಬುರಗಿ, ಧಾರವಾಡದ ಕಡೆಯವರು ‘ಹಿಂಗ’, ‘ಹಂಗ’ಗಳನ್ನು ಒರೆಸಿಹಾಕಲು ಹೊರಡುತ್ತಾರೆ. ಕೊನೆಗೆ ಎಲ್ಲರೂ ಟಿವಿ ನಿರೂಪಕರ ಒಂದೇ ದನಿಗೆ ಬಂದು ನಿಲ್ಲುತ್ತಾರೆ. ಸ್ಪಷ್ಟತೆ ಬೇಕು, ನಿಜ. ಆದರೆ ಕೇಳುಗರಿಗೆ ಅರ್ಥವಾಗದಂತೆ ಮಾಡುವ ಉಚ್ಚಾರವನ್ನು ತಿದ್ದಿಕೊಳ್ಳುವುದೇ ಬೇರೆ, ಊರಿನ ಗುರುತನ್ನು ಅಳಿಸಿಕೊಳ್ಳುವುದೇ ಬೇರೆ. ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲೇ ಸಭೆಗಳನ್ನು ಹಿಡಿದಿಟ್ಟವರು. ಅವರ ದನಿಯ ಧ್ವನಿಮುದ್ರಣಗಳನ್ನು ಇಂದು ಕೇಳಿದರೂ ಆ ಮಾತು ಹುಟ್ಟಿದ ನೆಲ ಕೇಳಿಸುತ್ತದೆ. ಒಪ್ಪುವ ಭಾಷೆಯನ್ನು ಆರಿಸಿಕೊಂಡು ಒಳಗಿನ ದನಿಯನ್ನು ಕಳೆದುಕೊಳ್ಳುವುದು ಮಂಜುಳಾಳ ದುರಂತ. ಅದನ್ನು ನಮ್ಮ ಮಕ್ಕಳಿಗೆ ತರಬೇತಿಯ ಹೆಸರಿನಲ್ಲಿ ಕಲಿಸಬಾರದು.

‘ಒಡಕಲು ಬಿಂಬ’ದ ಬಗ್ಗೆ ನನಗೊಂದು ತಕರಾರೂ ಇದೆ. ಅಲ್ಲಿನ ಬಿಂಬಕ್ಕೆ ಎಲ್ಲವೂ ಮೊದಲೇ ಗೊತ್ತು. ಅದು ವಕೀಲನಂತೆ ಒಂದೊಂದೇ ಗುಟ್ಟು ಬಿಚ್ಚುತ್ತ ಹೋಗುತ್ತದೆ, ನೋಡುಗರ ಆಸಕ್ತಿ ‘ಮುಂದೇನು ಹೊರಬೀಳುತ್ತದೆ’ ಎಂಬ ಕುತೂಹಲಕ್ಕೆ ಜಾರುತ್ತದೆ. ಬದುಕಿನಲ್ಲಿ ನಮ್ಮ ಬಿಂಬಗಳು ಅಷ್ಟು ಬಲ್ಲವಲ್ಲ. ನಮ್ಮ ಕುರುಡು ಅವಕ್ಕೂ ಇರುತ್ತದೆ. ಅದಕ್ಕೇ ಎದುರಿಗೊಂದು ಜೀವ ಬೇಕು. ಕರಾವಳಿ, ಮಲೆನಾಡುಗಳ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಆಶುವಾಗಿ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತು ಹರಿತವಾದದ್ದು ಎದುರು ಕೂತ ಅರ್ಥಧಾರಿಯ ಅನಿರೀಕ್ಷಿತ ಪ್ರಶ್ನೆಗೆ ಅಲ್ಲೇ ಉತ್ತರಿಸಬೇಕಿದ್ದರಿಂದ. ಹಾಗಾಗಿ ನಿಮ್ಮ ವಿಡಿಯೋವನ್ನು ಒಮ್ಮೆ ಒಬ್ಬರ ಜೊತೆ ಕೂತು ನೋಡಿ. ಹೊಗಳುವವರು ಬೇಡ, ಹಂಗಿಸುವವರೂ ಬೇಡ. ನಡುವೆ ತಡೆದು ‘ಇದನ್ನು ಯಾಕೆ ಹೇಳಿದೆ?’ ಎಂದು ಕೇಳಬಲ್ಲ ಗೆಳೆಯರು ಸಾಕು.

ಆ ಪ್ರಶ್ನೆಗೆ ವೇದಿಕೆಯ ದನಿ ಬಿಟ್ಟು, ಮನೆಮಾತಿನಲ್ಲಿ ನೀವು ಕೊಡುವ ಉತ್ತರವಿದೆಯಲ್ಲ, ಬಹಳ ಸಲ ನಿಮ್ಮ ಮುಂದಿನ ಭಾಷಣದ ಮೊದಲ ವಾಕ್ಯ ಅದೇ ಆಗಿರುತ್ತದೆ.