ವಿದ್ಯುತ್ಪ್ರಚೋದನೆಯೂ ಸ್ನಾಯುಬಲವೂ: ಆಧಾರಗಳ ವಿಮರ್ಶೆ

ಪಾರ್ಶ್ವವಾಯುವಿನಿಂದಲೋ ತೊಡೆಯ ಎಲುಬು ಮುರಿದೋ ಹಾಸಿಗೆ ಹಿಡಿದ ವೃದ್ಧರ ಕಾಲಿಗೆ ವಿದ್ಯುತ್ತನ್ನು ಹಾಯಿಸಿ ಸ್ನಾಯುಗಳನ್ನು ಸಂಕುಚಿತಗೊಳಿಸುವ ಚಿಕಿತ್ಸೆಯನ್ನು ಜನರು ‘ಕರೆಂಟು ಕೊಡುವುದು’ ಎನ್ನುತ್ತಾರೆ. ಇದನ್ನು ಪ್ರಶಂಸಿಸುವವರು ಅನೇಕ ವೇಳೆ ಇತಿಹಾಸದಿಂದಲೇ ಮಾತನ್ನು ಆರಂಭಿಸುತ್ತಾರೆ. ಆದಕಾರಣ ಇತಿಹಾಸದ ಅಭ್ಯಾಸಿಗಳಾದ ನಾವು ಆ ಆಧಾರಗಳನ್ನು ಪರೀಕ್ಷಿಸುವುದು ಅಪ್ರಸ್ತುತವಾಗಲಾರದು.

ಇಟಲಿಯ ಗ್ಯಾಲ್ವನಿಯು ಕಪ್ಪೆಯ ಕಾಲುಗಳ ಮೇಲಿನ ಪ್ರಯೋಗಗಳನ್ನು 1791ರಲ್ಲಿ ಪ್ರಕಟಿಸಿದನು. ಚರ್ಮದ ಮೇಲಿನಿಂದಲೇ ಒಂದೊಂದು ಸ್ನಾಯುವನ್ನು ಪ್ರತ್ಯೇಕವಾಗಿ ಪ್ರಚೋದಿಸುವ ವಿಧಾನವನ್ನು ಫ್ರಾನ್ಸಿನ ಡುಶೆನ್ನನು 1855ರಲ್ಲಿ ಗ್ರಂಥರೂಪಕ್ಕೆ ತಂದನು. ಇವುಗಳಿಂದ ಸಿದ್ಧವಾಗುವುದು ವಿದ್ಯುತ್ತಿನಿಂದ ಸ್ನಾಯು ಸಂಕುಚಿಸುತ್ತದೆ ಎಂಬುದಷ್ಟೇ. ಬಲವು ಉಳಿಯುತ್ತದೆ ಎಂಬುದು ಬೇರೆ ಮಾತು. ರೋಗಿಯು ಎದ್ದು ನಡೆಯುತ್ತಾನೆ ಎಂಬುದು ಮೂರನೆಯ ಮಾತು. ಮೊದಲನೆಯದರ ಸಾಕ್ಷ್ಯವನ್ನು ಮೂರನೆಯದಕ್ಕೆ ಸಲ್ಲಿಸುವುದು ದಾನಶಾಸನವೊಂದನ್ನೋದಿ ರಾಜ್ಯದ ಎಲ್ಲೆಯನ್ನೇ ನಿರ್ಣಯಿಸಿದಂತೆ.

ಹಾನಿಯು ನಿಜವಾದುದು. ಆರೋಗ್ಯವಂತ ವೃದ್ಧರು 10 ದಿನ ಹಾಸಿಗೆಯಲ್ಲೇ ಇದ್ದರೆ ಕಾಲುಗಳಿಂದ ಸುಮಾರು 1 ಕಿಲೋ ಕೊಬ್ಬುರಹಿತ ಅಂಗಾಂಶವು ನಷ್ಟವಾಗುವುದೆಂದು 2007ರ ಅಮೇರಿಕೆಯ ಪ್ರಯೋಗವೊಂದು ತೋರಿಸಿತು. ನೆದರ್ಲೆಂಡ್ಸಿನ ಸಂಶೋಧಕರು ಪ್ರಜ್ಞೆಯಿಲ್ಲದ 6 ರೋಗಿಗಳ ಒಂದು ಕಾಲಿಗೆ ಮಾತ್ರ ಸುಮಾರು ಒಂದು ವಾರ, ದಿನಕ್ಕೆರಡು ಬಾರಿ ವಿದ್ಯುತ್ತನ್ನು ಕೊಟ್ಟರು. ಕೊಡದ ಕಾಲಿನ ಸ್ನಾಯುತಂತುಗಳು ಕೃಶವಾದವು. ಕೊಟ್ಟ ಕಾಲಿನವು ಉಳಿದವು. ಸಾಕ್ಷ್ಯವು ಸ್ವಚ್ಛವಾದುದು, ಆದರೆ ರೋಗಿಗಳು ಆರೇ ಜನ. ತೀವ್ರವಾದ ಶ್ವಾಸಕೋಶ, ಹೃದಯ ಮತ್ತು ಕ್ಯಾನ್ಸರ್ ರೋಗಿಗಳ 18 ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ಕಾಕ್ರೇನ್ ಸಮೀಕ್ಷೆಯು ತೊಡೆಯ ಬಲವು ಹೆಚ್ಚಿತೆಂದು ಹೇಳಿ, ಒಡನೆಯೇ ಸಾಕ್ಷ್ಯದ ಗುಣಮಟ್ಟವು ಕಡಿಮೆಯೆಂದೂ ಒಪ್ಪಿಕೊಂಡಿತು. ಈ ಉತ್ತರಾರ್ಧವನ್ನು ಬಿಟ್ಟು ಪೂರ್ವಾರ್ಧವನ್ನಷ್ಟೇ ಉದ್ಧರಿಸುವುದು ನ್ಯಾಯವಲ್ಲ.

ಈ ವಿವೇಚನೆಯು ನಮ್ಮ ಭಾಗಕ್ಕೆ ದೂರದ್ದಲ್ಲ. ಬೆಟಗೇರಿಯು ಕೈಮಗ್ಗಕ್ಕೆ ಹೆಸರಾದ ಊರು. ನೇಕಾರನ ಬದುಕು ಕೈಯಲ್ಲಿರುವಷ್ಟೇ ಕಾಲಿನಲ್ಲಿಯೂ ಇದೆ; ಕಾಲು ತುಳಿಯದೆ ಹಾಸಿನ ಎಳೆಗಳು ತೆರೆಯಲಾರವು. ಹಾಸಿಗೆ ಹಿಡಿದ ವೃದ್ಧ ನೇಕಾರನಿಗೆ ತೊಡೆಯ ಸುತ್ತಳತೆಯಿಂದೇನು? ಅಂಗಳದವರೆಗೆ ತಾನಾಗಿ ಹೋಗಬಲ್ಲನೇ ಎಂಬುದೇ ಅವನ ಪ್ರಶ್ನೆ. ಅದೇ ನಮ್ಮ ಅಳತೆಗೋಲೂ ಆಗಬೇಕು. ಗದಗಿನಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಆದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳ್ಳಿಗಳಿಂದ, ಏಳಲಾರದವನನ್ನು ವಾರಗಟ್ಟಲೆ ದಿನವೂ ಅಲ್ಲಿಗೆ ಕರೆತರುವುದು ಸುಲಭವಲ್ಲ. ಯಂತ್ರವು ಚಿಕ್ಕದು, ಕಲಿಸಿಕೊಟ್ಟರೆ ಮನೆಯಲ್ಲೇ ಬಳಸಬಹುದಾದುದು. ಆದರೆ ಹೃದಯದಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರ ಅಪ್ಪಣೆಯಿಲ್ಲದೆ ಅದನ್ನು ಮುಟ್ಟಲಾಗದು.

ತಾನಾಗಿ ಕಾಲು ಚಾಚಬಲ್ಲವನಿಗೆ ವ್ಯಾಯಾಮವೂ ಎದ್ದು ಕೂಡುವುದೂ ಮೊದಲು. ಅದು ಸಾಧ್ಯವಾಗದವನಿಗೆ, ಸಾಧ್ಯವಾಗುವವರೆಗೆ, ಯಂತ್ರವು ಊರೆಗೋಲು. ದೊರೆತ ಆಧಾರಗಳು ಇಷ್ಟನ್ನು ಹೇಳಗೊಡುತ್ತವೆ. ಇದಕ್ಕಿಂತ ಹೆಚ್ಚನ್ನು ಹೇಳುವುದು ರೋಗಿಗೆ ಬಗೆದ ವಂಚನೆಯಾದೀತು.