ಮಲೆನಾಡಿನ ಕಾಲುಸಂಕ
ನಮ್ಮ ಮಲೆನಾಡಿನಲ್ಲಿ ಮನೆಗಳು ದೂರ ದೂರ. ನಡುವೆ ಗುಡ್ಡ, ತೋಟ, ಹಳ್ಳ. ಮಳೆಗಾಲ ಹತ್ತಿರವಾಗುತ್ತಲೇ ನೆರೆಮನೆಯವರೆಲ್ಲ ಕತ್ತಿ ಹಿಡಿದು ಹಳ್ಳದ ದಂಡೆಗೆ ಬರುತ್ತಾರೆ. ಫಸಲು ನಿಂತ ಅಡಿಕೆ ಮರಗಳನ್ನು ಕಡಿದು, ಸಾಲಾಗಿ ಹಾಸಿ, ಬಳ್ಳಿಯಿಂದ ಬಿಗಿದು, ಕೈಹಿಡಿಗೆ ಬಿದಿರಿನ ಗಳ ಕಟ್ಟಿದರೆ ಕಾಲುಸಂಕ ಸಿದ್ಧ. ಕೂಲಿಯ ಮಾತಿಲ್ಲ, ಎಲ್ಲವೂ ಮುಯ್ಯಾಳಿನ ಲೆಕ್ಕ. ಇಂದು ನಿಮ್ಮ ಸಂಕಕ್ಕೆ ನಾವು, ನಾಳೆ ನಮ್ಮ ಅಡಿಕೆ ಕೊಯ್ಲಿಗೆ ನೀವು. ಮಾತು ಬಿಟ್ಟ ಮನೆಯವರೂ ಆ ದಿನ ಬಂದು ಹೆಗಲು ಕೊಡುತ್ತಾರಲ್ಲ, ಘಟ್ಟದ ಯಾವ ಶಿಖರಕ್ಕಿಂತಲೂ ನನಗೆ ಅದೇ ದೊಡ್ಡ ಹೆಮ್ಮೆ. ದೊಡ್ಡ ಹೊಳೆಗಳಿಗೆ ಈ ಸಂಕ ಸಾಲದು, ನಿಜ. ಅಂಥಲ್ಲಿ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದ ಸುಳ್ಯದ ಗಿರೀಶ್ ಭಾರದ್ವಾಜರಿಗೆ 2017ರಲ್ಲಿ ಪದ್ಮಶ್ರೀ ಬಂತು. ಮಕ್ಕಳು ಶಾಲೆಗೆ ದಾಟುವ ಹಳ್ಳಗಳಿಗೂ ಗಟ್ಟಿ ಸೇತುವೆ ಬರಲೇಬೇಕು. ತೋಟದ ಹಳ್ಳಕ್ಕೆ ಮಾತ್ರ ನಮ್ಮ ಸಂಕವೇ ಸಾಕು.