ಹದಿನಾರು ಬಣ್ಣ, ಮೂರು ದನಿ: ಹಳೆಯ ಕಂಪ್ಯೂಟರಿನ ಕಲಾಪಂಥ ಮತ್ತು ಗೋಕಾಕ ಸೀಮೆ

2018ರಲ್ಲಿ ಸೆಗಾ ಮೆಗಾ ಡ್ರೈವ್ ಎಂಬ ವಿಡಿಯೊ ಗೇಮ್ ಯಂತ್ರಕ್ಕೆ ‘ಟ್ಯಾಂಗಲ್‌ವುಡ್’ ಎಂಬ ಹೊಸ ಆಟ ಬಂತು. ಆ ಯಂತ್ರ ಜಪಾನಿನ ಅಂಗಡಿಗೆ ಬಂದದ್ದು 1988ರಲ್ಲಿ. ಮೂವತ್ತು ವರ್ಷ ಹಳೆಯ ಯಂತ್ರಕ್ಕೆ ಹೊಸ ಕಾರ್ಟ್ರಿಜ್ ಮಾಡಿದ ಬ್ರಿಟನ್ನಿನ ಮ್ಯಾಟ್ ಫಿಲಿಪ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ತೊಂಬತ್ತರ ದಶಕದ ಪ್ರೋಗ್ರಾಮರುಗಳು ಬಳಸುತ್ತಿದ್ದ ಮೂಲ ಉಪಕರಣವನ್ನೇ ಹುಡುಕಿ ತಂದು, ವಿಂಡೋಸ್ 95 ಓಡುವ ಕಂಪ್ಯೂಟರಿಗೆ ಜೋಡಿಸಿ ಕೆಲಸ ಮಾಡಿದರು. ಕಂಪನಿಯ ಬಂಡವಾಳವಿಲ್ಲದೆ, ಮಾರುಕಟ್ಟೆ ಕೈಬಿಟ್ಟ ಯಂತ್ರಕ್ಕೆ ಮನೆಯಲ್ಲೇ ಕೂತು ಮಾಡುವ ಇಂಥ ಆಟಗಳಿಗೆ ‘ಹೋಂಬ್ರೂ’ ಎಂಬ ಹೆಸರಿದೆ. ಇಷ್ಟು ಹೊತ್ತಿಗೆ ಇದು ಹವ್ಯಾಸದ ಗಡಿ ದಾಟಿದೆ. ತನ್ನದೇ ಗುರುಗಳು, ತನ್ನದೇ ಶಿಸ್ತು, ತನ್ನದೇ ಕುರುಡುಗಳುಳ್ಳ ಒಂದು ಕಲಾಪಂಥವಾಗಿದೆ.

ಶಿಸ್ತಿನ ಮಾತು ಮೊದಲು. 1982ರ ಕೊಮೊಡೋರ್ 64 ಕಂಪ್ಯೂಟರಿನಲ್ಲಿ ಇರುವುದು ಹದಿನಾರೇ ಬಣ್ಣ, ಮೂರೇ ದನಿ. ಅದೇ ವರ್ಷದ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ ಎಂಟಕ್ಕೆ ಎಂಟು ಚುಕ್ಕಿಗಳ ಒಂದು ಚೌಕದೊಳಗೆ ಎರಡೇ ಬಣ್ಣ ಹಿಡಿಸುತ್ತವೆ. ಮೂರನೆಯದು ಬೇಕೆಂದರೆ ಪಕ್ಕದ ಚೌಕಕ್ಕೆ ಹೋಗಬೇಕು. ಜರ್ಮನಿಯ ಮಾರ್ಫ್‌ಕ್ಯಾಟ್ ಗೇಮ್ಸ್ 2019ರಲ್ಲಿ ಹೊರತಂದ ‘ಮೈಕ್ರೋ ಮೇಜಸ್’ ನಾಲ್ವರು ಒಟ್ಟಿಗೆ ಕೂತು ಆಡುವ ಆಟ. ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲ ಸೇರಿ ಅದರ ಗಾತ್ರ 40 ಕಿಲೋಬೈಟ್. ಮೊಬೈಲಿನಲ್ಲಿ ಹಿಡಿದ ಒಂದು ಫೋಟೊ ಇದರ ಹತ್ತಾರು ಪಟ್ಟು ದೊಡ್ಡದಿರುತ್ತದೆ. ಇಲ್ಲಿ ಒಂದು ಚುಕ್ಕಿಯೂ ಸುಮ್ಮನೆ ಕೂರುವಂತಿಲ್ಲ.

ಹಳೆಯ ಯಂತ್ರದ ಮುಂದೆಯೇ ಕೂತು ಚಿತ್ರ ಬರೆಯಬೇಕೆಂಬ ಹಟಕ್ಕೂ ಗಟ್ಟಿ ಕಾರಣವಿದೆ. ಆ ಚಿತ್ರಗಳು ಗಾಜಿನ ಕೊಳವೆಯ ಟಿವಿಗೆಂದು ಹುಟ್ಟಿದವು. ಅಲ್ಲಿ ಚುಕ್ಕಿಯ ಅಂಚು ಚೂಪಾಗಿರದು, ಪಕ್ಕದ ಬಣ್ಣಕ್ಕೆ ತುಸು ಹರಿಯುತ್ತದೆ. 1991ರ ‘ಸೋನಿಕ್’ ಆಟದ ಜಲಪಾತ ನಿಜವಾಗಿ ಒಂದು ಬಿಟ್ಟು ಒಂದು ಎಳೆದ ಉದ್ದ ಗೆರೆಗಳ ಸಾಲು. ಹಳೆಯ ಟಿವಿಯಲ್ಲಿ ಆ ಗೆರೆಗಳು ಕಲೆತು, ಹಿಂದಿನ ಬಂಡೆ ಕಾಣುವಷ್ಟು ತೆಳ್ಳಗಿನ ನೀರಾಗುತ್ತಿದ್ದವು. ಇಂದಿನ ಪರದೆಯಲ್ಲಿ ಅದು ಬರೀ ಗೆರೆ. ಆ ಟಿವಿಯ ಮುಂದೆ ಕೂರದವನಿಗೆ ಈ ಉಪಾಯ ಹೊಳೆಯುವುದೇ ಕಷ್ಟ.

ಡ್ಯಾನ್ ಸಿಲ್ವಾ 1985ರಲ್ಲಿ ಅಮಿಗಾ ಕಂಪ್ಯೂಟರಿಗೆ ಬರೆದ ‘ಡಿಲಕ್ಸ್ ಪೇಂಟ್’ನಲ್ಲಿ ಇನ್ನೊಂದು ಉಪಾಯವಿತ್ತು. ಅದರಲ್ಲಿ ಚಿತ್ರದ ಒಂದು ಚುಕ್ಕಿಯೂ ಅಲುಗುವುದಿಲ್ಲ. ಬಣ್ಣಗಳ ಪಟ್ಟಿ ಮಾತ್ರ ಸುತ್ತುತ್ತದೆ. ನಾಲ್ಕು ಛಾಯೆ ಹಚ್ಚಿ ಸುತ್ತಿಸಿದರೆ ನೀರು ಧುಮುಕತೊಡಗುತ್ತದೆ. ಗೋಕಾಕ ಫಾಲ್ಸ್ ನೋಡಿದವರಿಗೆ ಇದರ ಬೆಲೆ ತಕ್ಷಣ ತಿಳಿದೀತು. ಮಳೆಗಾಲದಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಬೀಳುವಾಗ ನೀರು ನೀಲಿಯಿರುವುದಿಲ್ಲ, ಕೆಮ್ಮಣ್ಣು ಕಲಸಿದ ಕಂದು ಬಣ್ಣಕ್ಕಿರುತ್ತದೆ. ಕಪ್ಪು, ಕಂದು, ಮಾಸಲು ಹಳದಿ, ನೊರೆಯ ಬಿಳಿ. ನಾಲ್ಕೇ ಬಣ್ಣ ಸಾಕು, ಅಲ್ಲಿನ ತೂಗುಸೇತುವೆಗೆ ಅದೇ ಕಪ್ಪಿನಲ್ಲಿ ಒಂದು ಗೆರೆ. ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳಂತೂ ಇನ್ನೂ ಸಲೀಸು. ಮೆಗಾ ಡ್ರೈವ್ ಒಂದೇ ಚೌಕವನ್ನು ಎಡಬಲ ಮಗುಚಿ ತೋರಿಸಬಲ್ಲದಾದ್ದರಿಂದ, ಅರ್ಧ ಗುಮ್ಮಟ ಬರೆದಿಟ್ಟರೆ ಉಳಿದರ್ಧವನ್ನು ಯಂತ್ರವೇ ತುಂಬಿಕೊಡುತ್ತದೆ.

ಆದರೆ ಹೋಂಬ್ರೂ ಆಟಗಳ ರಾಶಿ ಹರವಿ ನೋಡಿದರೆ ಕಾಣುವುದು ಅದೇ ಕೋಟೆ, ಅದೇ ಡ್ರ್ಯಾಗನ್, ಅದೇ ಅಂತರಿಕ್ಷ ನೌಕೆ. ಇದು ಈ ಪಂಥದ ದೊಡ್ಡ ದೋಷ. ಯಂತ್ರದ ಮಿತಿಗೆ ತೋರಿಸಿದ ನಿಷ್ಠೆಯನ್ನು ಎಂಬತ್ತರ ದಶಕದ ಅಮೆರಿಕ, ಜಪಾನಿನ ಕಥೆಗಳಿಗೂ ತೋರಿಸುತ್ತ ಬಂದಿದೆ. ಮಿತಿ ಯಂತ್ರದ್ದು, ಕಥೆ ಮಾಡುವವನದ್ದು ಎಂಬ ವ್ಯತ್ಯಾಸವನ್ನು ಅದು ಅಷ್ಟಾಗಿ ಯೋಚಿಸಿಲ್ಲ.

ಸಂಗೀತದಲ್ಲಿ ಇದು ಇನ್ನೂ ನಿಚ್ಚಳ. ಬಾಬ್ ಯಾನಿಸ್ ರೂಪಿಸಿದ ಕೊಮೊಡೋರಿನ ಸಿಡ್ ಚಿಪ್‌ನಿಂದ ರಾಬ್ ಹಬ್ಬರ್ಡ್, ಮಾರ್ಟಿನ್ ಗಾಲ್ವೇ ಮೊದಲಾದವರು ಎಂಬತ್ತರ ದಶಕದಲ್ಲಿ ಹೊರಡಿಸಿದ ನಾದ ಇಂದಿಗೂ ಈ ಪಂಥದ ಮಾದರಿ. ಅದರ ಗುರುತು ಒಂದು ‘ಗುರ್‌ರ್’ ಎಂಬ ಕಂಪನ. ಪಾಶ್ಚಾತ್ಯ ಸಂಗೀತಕ್ಕೆ ಮೂರ್ನಾಲ್ಕು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಬೇಕು. ಚಿಪ್‌ನಲ್ಲಿ ಇರುವುದೇ ಮೂರು ದನಿ. ಹಾಗಾಗಿ ಒಂದೇ ದನಿಯಲ್ಲಿ ಆ ಸ್ವರಗಳನ್ನು ಸೆಕೆಂಡಿಗೆ ಐವತ್ತು ಸಲ ಬದಲಿಸಿ ಕಿವಿಗೆ ಕಾರ್ಡ್‌ನ ಭ್ರಮೆ ಕೊಟ್ಟರು. ಜಾಣತನವೇ ಸರಿ. ಇಂದು ಚಿಪ್‌ಟ್ಯೂನ್ ಎಂಬ ಚಿಪ್ ಸಂಗೀತವೆಂದರೆ ಇದೇ ಎನ್ನುವಷ್ಟು ಅದು ರೂಢಿಯಾಗಿದೆ.

ನಮ್ಮ ಸಂಗೀತಕ್ಕೆ ಕಾರ್ಡಿನ ಹಸಿವೇ ಇಲ್ಲ. ಮೂಡಲಗಿ ಭಾಗದ ಕುಲಗೋಡ ತಮ್ಮಣ್ಣನವರು ಹತ್ತೊಂಬತ್ತನೇ ಶತಮಾನದಲ್ಲಿ ಬಯಲಾಟದ ರೂಪ ಕೊಟ್ಟು ಬೆಳೆಸಿದ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಊರೂರಿಗೆ ಒಯ್ದ ಶ್ರೀಕೃಷ್ಣ ಪಾರಿಜಾತವನ್ನೇ ನೋಡಬಹುದು. ಹಾರ್ಮೋನಿಯಂ ಹಿಡಿದ ಶ್ರುತಿ, ಅದರ ಮೇಲೆ ಒಂದು ಪದ, ಜೊತೆಗೆ ತಬಲಾ, ತಾಳ. ಸಿಡ್ ಚಿಪ್‌ನ ಮೂರು ದನಿಗೆ ಹೇಳಿ ಮಾಡಿಸಿದ ಹಂಚಿಕೆ: ಒಂದು ಶ್ರುತಿಗೆ, ಒಂದು ಪದಕ್ಕೆ, ಒಂದು ತಾಳಕ್ಕೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹೇಗೆ ಎಂದು ಕೇಳಬಹುದು. ಆ ಚಿಪ್‌ನಲ್ಲಿ ಸೊನ್ನೆಯಿಂದ ಸುಮಾರು 4,000 ಹರ್ಟ್ಜ್‌ವರೆಗಿನ ಹರವಿಗೆ 65,536 ಮೆಟ್ಟಿಲುಗಳಿವೆ. ಹನ್ನೆರಡು ಮನೆಗಳ ಪಿಯಾನೊಗೆ ಸಿಗದ, ಕಟ್ಟಿದ ಸ್ವರಗಳ ಹಾರ್ಮೋನಿಯಮ್ಮಿಗೂ ಸಿಗದ ಜಾರುದಾರಿ ಅಲ್ಲಿದೆ. ನಿಂಟೆಂಡೊ ಯಂತ್ರದ ತ್ರಿಕೋನ ಅಲೆಯ ದನಿಯ ಗಟ್ಟಿತನಕ್ಕೆ ಏರಿಳಿತವೇ ಇಲ್ಲ, ಒಂದೇ ಮಟ್ಟದಲ್ಲಿ ನುಡಿಯುತ್ತದೆ ಎಂದು ಪಾಶ್ಚಾತ್ಯ ಸಂಗೀತಗಾರರು ಕೊರಗುವುದುಂಟು. ಶ್ರುತಿ ಹಿಡಿಯುವವರಿಗೆ ಬೇಕಾದದ್ದು ಅದೇ.

ಚಿಪ್‌ನಿಂದ ಶ್ರುತಿ ಹೊರಡಿಸುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಇಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು ಎಪ್ಪತ್ತರ ದಶಕದಲ್ಲೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿ ಮಾಡಿದರು; ಅವರ ರಾಡೆಲ್ ಪೆಟ್ಟಿಗೆಗಳು ಕಛೇರಿಗಳ ಭಾಗವೇ ಆದವು. ಹೋಂಬ್ರೂ ಪಂಥದ ಚರಿತ್ರೆ ಬರೆಯುವವರು ಈ ಕೆಲಸವನ್ನು ತಮ್ಮದೆಂದು ಎಣಿಸದಿರುವುದು ಅವರಿಗೇ ನಷ್ಟ.

ಚಿತ್ರಕ್ಕೂ ಈ ಸೀಮೆಯಲ್ಲಿ ತಯಾರಿ ಇದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕಸೂತಿ ಹಾಕುವಾಗ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವುದಿಲ್ಲ; ಹಾಸುಹೊಕ್ಕಿನ ಎಳೆ ಎಣಿಸುತ್ತ ಹೋಗುತ್ತಾರೆ. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲೇ ತೇರು, ಗೋಪುರ, ತುಳಸಿಕಟ್ಟೆ, ಗಿಳಿ, ಆನೆ ಎಲ್ಲ ಮೂಡುತ್ತವೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎದ್ದು ಕಾಣುವ ಆ ಕೆಂಪು, ಹಸಿರು, ಹಳದಿ ಸ್ಪೆಕ್ಟ್ರಮ್ ಪರದೆಯ ಬಣ್ಣಗಳಿಗೆ ಬಲು ಹತ್ತಿರ. ಆದರೂ ಎಚ್ಚರ ಬೇಕು. ಕಸೂತಿಯ ಆನೆಯನ್ನು ತಂದು ಡ್ರ್ಯಾಗನ್ ಇದ್ದ ಜಾಗದಲ್ಲಿ ನಿಲ್ಲಿಸಿದರೆ ಅದು ವೇಷ ಬದಲಿಸಿದ ಹಳೆಯ ಆಟವೇ. ಪಾರಿಜಾತದ ಬಲ ಅದರ ಮಾತಿನ ಚಕಮಕಿಯಲ್ಲಿದೆ. ಭಾಮೆಯ ಮಾತು ಹೊತ್ತು ಕೃಷ್ಣನ ಬಳಿಗೂ, ಕೃಷ್ಣನ ಮಾತು ಹೊತ್ತು ಭಾಮೆಯ ಬಳಿಗೂ ಓಡಾಡುವ ದೂತಿಯೇ ಆಟಗಾರನಾದರೆ, ಗೆಲುವು ಗುಂಡು ಹಾರಿಸುವುದರಲ್ಲಿ ಇರುವುದಿಲ್ಲ. ಯಾವ ಮಾತನ್ನು ಹೇಳಬೇಕು, ಯಾವುದನ್ನು ನುಂಗಬೇಕು ಎಂಬಲ್ಲಿ ಇರುತ್ತದೆ.

ನಿಜವಾದ ತೊಡಕು ಲಿಪಿಯದು. ನಿಂಟೆಂಡೊ ಯಂತ್ರದ ಹಿನ್ನೆಲೆಗೆ ಒಮ್ಮೆಗೆ ಸಿಗುವುದು ಎಂಟಕ್ಕೆ ಎಂಟು ಚುಕ್ಕಿಯ 256 ಚೌಕ. ಇಂಗ್ಲಿಷ್ ಅಕ್ಷರಕ್ಕೆ ಒಂದು ಚೌಕ ಸಾಕು. ಕನ್ನಡದ ದುಂಡು ಅಕ್ಷರ ತಲೆಕಟ್ಟು, ಒತ್ತು ಸಮೇತ ಅಂದವಾಗಿ ಕೂರಲು ನಾಲ್ಕು ಚೌಕ ಬೇಕು. ಅಂದರೆ 64 ಅಕ್ಷರಕ್ಕೆ ಜಾಗವೆಲ್ಲ ಮುಗಿಯಿತು; ಕಾಗುಣಿತವೊಂದೇ ನಾಲ್ಕು ನೂರು ದಾಟುತ್ತದೆ. ಎಂಬತ್ತರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಶುರುವಾಗಿ ಸಿ-ಡ್ಯಾಕ್‌ನಲ್ಲಿ ಬೆಳೆದ, ಭಾರತೀಯ ಲಿಪಿಗಳಿಗೆಂದೇ ಮಾಡಿದ ಜಿಸ್ಟ್ ಕಾರ್ಡ್ ಆಗಿನ ಪಿಸಿಗಳಲ್ಲಿ ಇಂಥ ತೊಡಕನ್ನು ಬಿಡಿಸಿತ್ತು. ಆಟದ ಯಂತ್ರದಲ್ಲಿ ಆ ದೃಶ್ಯಕ್ಕೆ ಬೇಕಾದ ಅಕ್ಷರಗಳನ್ನಷ್ಟೇ ತುಂಬಿಕೊಂಡು, ಮುಂದಿನ ದೃಶ್ಯಕ್ಕೆ ಬದಲಿಸುತ್ತ ಹೋಗಬೇಕಾಗುತ್ತದೆ. ಕಷ್ಟವಿದೆ, ಅಸಾಧ್ಯವೇನಲ್ಲ.

ಇಂಥ ಆಟ ನಮ್ಮಲ್ಲಿ ಏಕೆ ಹುಟ್ಟಲಿಲ್ಲ? ಯೂರೋಪಿನ ಹುಡುಗರಿಗೆ ಎಂಬತ್ತರ ದಶಕದಲ್ಲಿ ಸಿಕ್ಕಿದ್ದು ಕೀಲಿಮಣೆಯುಳ್ಳ, ಹಚ್ಚಿದೊಡನೆ ಪ್ರೋಗ್ರಾಂ ಕೇಳುವ ಕಂಪ್ಯೂಟರು. ನಮ್ಮ ಸಣ್ಣ ಊರುಗಳಿಗೆ ತೊಂಬತ್ತರಲ್ಲಿ ಬಂದ ‘ಟಿವಿ ಗೇಮ್’ಗಳು ನಿಂಟೆಂಡೊದ ನಕಲುಗಳು; ಕ್ಯಾಸೆಟ್ ಹಾಕಿ ಆಡಬಹುದಿತ್ತು, ಮಾಡಲು ಬರುತ್ತಿರಲಿಲ್ಲ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ಆಯ್ದ ಶಾಲೆಗಳಿಗಷ್ಟೇ ಹೋದವು. ಆಟ ಆಡಿದ ತಲೆಮಾರು ಆಟ ಮಾಡದೆ ಉಳಿದದ್ದಕ್ಕೆ ಇದು ದೊಡ್ಡ ಕಾರಣ.

ಆ ಕಾರಣ ಈಗ ಉಳಿದಿಲ್ಲ. ನಿಂಟೆಂಡೊ ದನಿಗೆ ಫ್ಯಾಮಿಟ್ರ್ಯಾಕರ್, ಗೇಮ್ ಬಾಯ್ ಆಟಕ್ಕೆ ಜಿಬಿ ಸ್ಟುಡಿಯೊ, ಎರಡೂ ಬಿಟ್ಟಿ ಸಿಗುತ್ತವೆ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳ ಕಂಪ್ಯೂಟರ್ ವಿಭಾಗದವರು ಒಂದು ಕೆಲಸ ಮಾಡಲಿ: ವಿದ್ಯಾರ್ಥಿಗಳನ್ನು ಒಬ್ಬ ಪಾರಿಜಾತ ಕಲಾವಿದರ ಬಳಿ, ಕಸೂತಿ ಬಲ್ಲ ಒಬ್ಬ ಅಜ್ಜಿಯ ಬಳಿ ಕೂರಿಸಿ, ಒಂದು ಪದ ಮತ್ತು ಒಂದು ತೇರು ಕಲಿತು ಬರಲು ಹೇಳಲಿ. ಪ್ರೋಗ್ರಾಂ ಆಮೇಲೆ ಬರೆದರಾಯಿತು.